ಪರದೆಯನ್ನು ಮುಟ್ಟುವ, ಒರೆಸುವ ಹಾಗೂ ಅದಕ್ಕೆ ಕಿವಿಗೊಡುವ ಬಗ್ಗೆ

ಗ್ರಂಥಾಲಯಗಳ ಇಲಾಖೆ
ಮೊದಲನೇ ಮಹಡಿ (ಮೆಟ್ಟಿಲು ದುರಸ್ತಿಯಲ್ಲಿರುವುದರಿಂದ ಸದ್ಯಕ್ಕೆ ನೆಲಮಹಡಿ)

ಸಂಖ್ಯೆ: ಗ್ರಂ.ಇ/ಪರದೆ/ಸ್ಪರ್ಶ/17(ಅ)/ತಿದ್ದುಪಡಿ-3
ದಿನಾಂಕ: ಪ್ರಾಯೋಗಿಕ ಅವಧಿ ಮುಗಿದ ಮಾರನೇ ದಿನ, ಅಂದರೆ ತೊಂಬತ್ತೊಂದನೇ ದಿನ

ಸುತ್ತೋಲೆ

ವಿಷಯ: ಗ್ರಂಥಾಲಯದ ಸಂವಾದಾತ್ಮಕ ಡಿಜಿಟಲ್ ಪ್ರದರ್ಶಿಕೆಯ (ಸಾರ್ವಜನಿಕರ ಬಾಯಲ್ಲಿ: "ಮುಟ್ಟೋ ಟಿವಿ") ಮೇಲೆ ಬಿದ್ದ ಬೆರಳುಗಳ ಎಣಿಕೆ, ಮಾನ್ಯತೆ ಹಾಗೂ ತತ್ಸಂಬಂಧಿ ಶಿಸ್ತು.

ಉಲ್ಲೇಖ:
1. ಪರದೆ ಮಂಜೂರಾತಿ ಆದೇಶ.
2. "ಪರದೆಗೆ ಹದಿನೇಳನೇ ಪುಟ ಯಾವುದು?" ಎಂದು ಕೇಳಿ ಗ್ರಂಥಪಾಲಕರು ಬರೆದ ಪತ್ರ.
3. ಸದರಿ ಪತ್ರಕ್ಕೆ ಈ ಕಚೇರಿಯ ಉತ್ತರ: "ಪರಿಶೀಲಿಸಿ ವರದಿ ಮಾಡುವುದು."
4. "ಪರಿಶೀಲಿಸಲಾಗಿದೆ, ಪುಟವೇ ಇಲ್ಲ" ಎಂಬ ವರದಿ.
5. ನೆರೆಯ ಗ್ರಂಥಾಲಯದ ಗ್ರಂಥಪಾಲಕರ ದೂರು (ಹಸಿರು ಶಾಯಿ, ಆರು ಕಡೆ ಅಡಿಗೆರೆ).

ಪ್ರಸ್ತಾವನೆ

ಗ್ರಂಥಾಲಯದ ಬೈಂಡಿಂಗ್ ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುತ್ತಿರುವ, ಹಾಜರಿ ಪುಸ್ತಕದಲ್ಲಿ "ಬೈಂಡರ್ (ಮಹಿಳೆ)" ಎಂದೂ ಉಳಿದ ಎಲ್ಲ ಕಡೆ "ಗೋಂದಕ್ಕ" ಎಂದೂ ಕರೆಯಲ್ಪಡುವ ಸಿಬ್ಬಂದಿಯು, ಓದುಗರು ಪುಸ್ತಕಗಳ ನಡುವೆ ಮರೆತುಹೋದ ಚೀಟಿ, ಪತ್ರ, ಬಸ್ ಟಿಕೆಟು, ಕೂದಲ ಪಿನ್ನು, ಒಣಗಿದ ಎಲೆ ಮುಂತಾದವನ್ನು ಬಿಸಾಡದೆ ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಟ್ಟುಕೊಂಡು ಬಂದಿರುವುದು ಈ ಕಚೇರಿಯ ಗಮನಕ್ಕೆ ಬಂದಿರಲಿಲ್ಲ. ಬೈಂಡಿಂಗ್ ವಿಭಾಗವನ್ನು ಮುಚ್ಚಲಾದಾಗ ಸದರಿಯವರನ್ನು ಆರು ದಿನಗಳ ಡಿಜಿಟಲ್ ತರಬೇತಿಗೆ ಕಳುಹಿಸಲಾಯಿತು. ಕಳುಹಿಸಿದ್ದು ಕಲಿಯಲಿ ಎಂದಲ್ಲ, ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಿತ್ತು ಎಂದು. ಆದಾಗ್ಯೂ ಸದರಿಯವರು ಕಲಿತುಬಂದರು.

ಡಬ್ಬದಲ್ಲಿದ್ದ ನೂರ ಹನ್ನೆರಡು ವಸ್ತುಗಳ ಚಿತ್ರ ತೆಗೆದು, ಯಾವ ಚಿತ್ರವನ್ನು ಮುಟ್ಟಿದರೆ ಅದರ ಕಥೆ ತಮ್ಮದೇ ದನಿಯಲ್ಲಿ ಕೇಳಿಬರುವಂತೆ ಅವರು ಪರದೆಯನ್ನು ಸಿದ್ಧಪಡಿಸಿದ್ದಾರೆ. ಮಾದರಿಗಾಗಿ ನಲವತ್ತನೇ ಚಿತ್ರದ ದನಿಯನ್ನು ಇಲ್ಲಿ ಯಥಾವತ್ತು ದಾಖಲಿಸಿದೆ: "ಇದು ಸಿಕ್ಕಿದ್ದು ಕೋಳಿ ಸಾಕಣೆ ಪುಸ್ತಕದಲ್ಲಿ. ಪ್ರೇಮಪತ್ರ. ನಾಲ್ಕು ಪುಟ ಇದೆ. ಕೋಳಿ ಬಗ್ಗೆ ಒಂದು ಮಾತೂ ಇಲ್ಲ."

ಮಂಜೂರಾತಿ ಆದೇಶದ ಷರತ್ತು ಸ್ಪಷ್ಟವಾಗಿದೆ. ತೊಂಬತ್ತು ದಿನಗಳೊಳಗೆ ಐದು ಸಾವಿರ ಮಾನ್ಯ ಸ್ಪರ್ಶಗಳು ದಾಖಲಾಗತಕ್ಕದ್ದು. ಆಗದಿದ್ದಲ್ಲಿ ಪರದೆಯನ್ನು ನೆರೆಯ ಗ್ರಂಥಾಲಯಕ್ಕೆ ಸಾಗಿಸತಕ್ಕದ್ದು ಮತ್ತು ಗೋಂದಕ್ಕನವರ ಹುದ್ದೆಯನ್ನು ರದ್ದುಪಡಿಸತಕ್ಕದ್ದು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದೆ ಎಂದು ಸದರಿಯವರು ಮನವಿ ಸಲ್ಲಿಸಿದ್ದರು. ಮನವಿಯ ಪೂರ್ಣ ಪಾಠ: "ಮನೇಲಿ ಕೂರ್ಸಿದ್ರೆ ಈ ಕೈ ಸುಮ್ನಿರಲ್ಲ ಸಾರ್. ಹೋದ ಭಾನುವಾರ ಅಳಿಯನ ಚಪ್ಪಲಿಗೂ ರಟ್ಟು ಹಾಕಿಬಿಟ್ಟೆ."

ಮೊದಲ ನಲವತ್ತೆಂಟು ದಿನಗಳ ಎಣಿಕೆ ಸೊನ್ನೆ ಆದದ್ದು ಹೇಗೆ

ಗ್ರಂಥಾಲಯಕ್ಕೆ ಬರುವ ಪ್ರತಿಯೊಂದಕ್ಕೂ ನಂಬರು ಹಾಕಿ ಮೊದಲ ಪುಟ, ಹದಿನೇಳನೇ ಪುಟ ಹಾಗೂ ಕೊನೆಯ ಪುಟದಲ್ಲಿ ಮೊಹರು ಒತ್ತತಕ್ಕದ್ದು ಎಂಬುದು ನಿಯಮ. (ಹದಿನೇಳನೆಯದು ಗುಟ್ಟಿನ ಪುಟ. ಕಳ್ಳನು ಮೊದಲನೆಯದನ್ನೂ ಕೊನೆಯದನ್ನೂ ಹರಿಯಬಹುದು, ಹದಿನೇಳು ಎಂಬುದು ಅವನಿಗೆ ಹೊಳೆಯುವುದಿಲ್ಲ ಎಂಬ ನಂಬಿಕೆಯ ಮೇಲೆ ಇಲಾಖೆ ನಿಂತಿದೆ. ಈ ಆವರಣವನ್ನು ಕಳ್ಳರು ಓದಬಾರದು.)

ಪರದೆಗೆ ಪುಟಗಳಿಲ್ಲದ ಕಾರಣ ನಲವತ್ತೊಂದು ದಿನ ಪತ್ರವ್ಯವಹಾರ ನಡೆಯಿತು. ಅಲ್ಲಿಯವರೆಗೆ ಪರದೆಯನ್ನು ಅದು ಬಂದ ದಪ್ಪ ಪ್ಲಾಸ್ಟಿಕ್ಕಿನಲ್ಲೇ ಇಟ್ಟು, ಮೇಲೊಂದು ಮೇಜಿನ ಬಟ್ಟೆ ಹೊದಿಸಿ, "ಮುಟ್ಟಬಾರದು" ಎಂಬ ಫಲಕವನ್ನು ತೂಗುಹಾಕಲಾಗಿತ್ತು. ಮುಟ್ಟಲೆಂದೇ ಮಾಡಿದ ವಸ್ತುವಿಗೆ ಈ ಫಲಕವೇಕೆ ಎಂದು ಯಾರೂ ಕೇಳಲಿಲ್ಲ. ಫಲಕ ಸುಸ್ಥಿತಿಯಲ್ಲಿತ್ತು, ಬೇರೆ ಉಪಯೋಗವಿರಲಿಲ್ಲ.

ನಲವತ್ತೆರಡನೇ ದಿನ, ಹದಿನೇಳನೇ ಚಿತ್ರವನ್ನೇ ಹದಿನೇಳನೇ ಪುಟವೆಂದು ಭಾವಿಸತಕ್ಕದ್ದು ಎಂದು ಈ ಕಚೇರಿ ತೀರ್ಮಾನಿಸಿತು. ಗ್ರಂಥಪಾಲಕರು ರಿಮೋಟಿನಿಂದ ಹದಿನೇಳನೇ ಚಿತ್ರ ತೆರೆದು, ಅದರ ಮೂಲೆಯ ಮೇಲೆ ನೇರಳೆ ಶಾಯಿಯ ಮೊಹರನ್ನು ಎರಡೂ ಕೈಯಿಂದ ಒತ್ತಿದರು. ಹದಿನೆಂಟನೇ ಚಿತ್ರಕ್ಕೆ ಹೋದಾಗ ಮೊಹರೂ ಹಿಂದೆಯೇ ಬಂದಿತು. ನೂರ ಹನ್ನೆರಡನೆಯದರವರೆಗೂ ಬಂದಿತು. ಇಲಾಖೆಯ ಇತಿಹಾಸದಲ್ಲಿ ಒಂದೇ ಒತ್ತಿಗೆ ಇಷ್ಟು ಕೆಲಸ ಹಿಂದೆಂದೂ ಮುಗಿದಿಲ್ಲವೆಂದು ಗ್ರಂಥಪಾಲಕರು ವರದಿ ಮಾಡಿದರು.

ಆದರೆ ಮೊಹರು ಬಿದ್ದಿದ್ದು ಗಾಜಿನ ಮೇಲಲ್ಲ, ಪ್ಲಾಸ್ಟಿಕ್ಕಿನ ಮೇಲೆ. ಪ್ಲಾಸ್ಟಿಕ್ ತೆಗೆದರೆ ಇಲಾಖೆಯ ಮೊಹರನ್ನು ಅಳಿಸಿದ ಅಪರಾಧ. ತೆಗೆಯದಿದ್ದರೆ ಒಳಗಿನ ಗಾಜಿಗೆ ಬೆರಳು ಬಿದ್ದದ್ದೇ ಗೊತ್ತಾಗುವುದಿಲ್ಲ. ಈ ವಿಷಯವಾಗಿ ಮತ್ತೊಂದು ಪತ್ರ ಬರೆಯಲು ಕಾಗದ ತರಲಾಗುತ್ತಿದ್ದಾಗ, ನಲವತ್ತೆಂಟನೇ ದಿನ ಮಧ್ಯಾಹ್ನ ಗೋಂದಕ್ಕನವರು ತಮ್ಮ ಬೈಂಡಿಂಗ್ ಚಾಕು ತಂದು, ಮೊಹರಿನ ಸುತ್ತ ಗುಂಡಗೆ ಕೊಯ್ದು, ಆ ತುಂಡನ್ನು ಇದ್ದಲ್ಲೇ ಬಿಟ್ಟು, ಉಳಿದ ಪ್ಲಾಸ್ಟಿಕ್ಕನ್ನು ಸರ್ರನೆ ಎಳೆದುಹಾಕಿದರು. ಕಾರಣ ಕೇಳಿದ ನೋಟೀಸಿಗೆ ಅವರ ಉತ್ತರ: "ಮೊಹರು ಅದರ ಜಾಗದಲ್ಲೇ ಇದೆ ಸಾರ್. ನಾನು ತೆಗೆದಿದ್ದು ಮೊಹರಿನ ಸುತ್ತ ಇದ್ದಿದ್ದನ್ನ." ಈ ಉತ್ತರಕ್ಕೆ ಪ್ರತ್ಯುತ್ತರ ಸಿದ್ಧವಾಗುತ್ತಿದೆ.

ಉಳಿದದ್ದು ನಲವತ್ತೆರಡು ದಿನ. ಬೇಕಾದದ್ದು ಐದು ಸಾವಿರ. ಈ ಸುದ್ದಿಯನ್ನು ಸಾರ್ವಜನಿಕರಿಗೆ ಯಾರು ತಲುಪಿಸಿದರೆಂಬುದು ತಿಳಿದುಬಂದಿಲ್ಲ. ಕೇಳಿದವರೆಲ್ಲ "ನಂಗೆ ಅವರು ಹೇಳಿದ್ರು" ಎಂದು ಪಕ್ಕದವರನ್ನು ತೋರಿಸಿದ್ದು, ಹೀಗೆ ತೋರಿಸುತ್ತಾ ಹೋದ ಬೆರಳು ಊರನ್ನೆಲ್ಲ ಸುತ್ತಿ ಈ ಕಚೇರಿಯ ಟೈಪಿಸ್ಟರ ಮೇಜಿಗೆ ಬಂದು ನಿಂತಿದೆ. ತನಿಖೆಯನ್ನು ಅಲ್ಲಿಗೇ ಕೈಬಿಡಲಾಗಿದೆ.

ಈ ಅವಧಿಯಲ್ಲಿ ನಡೆದುದನ್ನು ಪರಿಗಣಿಸಿ, ಎಣಿಕೆಗೂ ಮುಂದಿನ ನಡವಳಿಕೆಗೂ ಅನ್ವಯಿಸುವಂತೆ ಸಿಬ್ಬಂದಿಗೂ ಸಾರ್ವಜನಿಕರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. "ಮಾನ್ಯ ಸ್ಪರ್ಶ" ಎಂದರೆ ಚಿತ್ರವನ್ನು ಮುಟ್ಟಿ, ದನಿ ಮುಗಿಯುವವರೆಗೆ ಅಲ್ಲೇ ನಿಂತು ಕೇಳಿದ ಸ್ಪರ್ಶ. ಒಬ್ಬರೇ ಒಂದೇ ಚಿತ್ರವನ್ನು ಎಷ್ಟು ಸಲ ಬೇಕಾದರೂ ಮುಟ್ಟಬಹುದು, ಪ್ರತಿ ಸಲವೂ ಪೂರ್ತಿ ಕೇಳತಕ್ಕದ್ದು. ಮುಟ್ಟಿ ಓಡಿಹೋಗುವುದನ್ನು ಮನೆಗಳ ಕರೆಗಂಟೆಗೆ ಮಾತ್ರ ಸೀಮಿತಗೊಳಿಸತಕ್ಕದ್ದು.

2. ಹೊಲಿಗೆಯವರು ಬೆರಳಿಗೆ ತೊಟ್ಟ ಲೋಹದ ಟೋಪಿಯನ್ನು ತೆಗೆದು ಮುಟ್ಟತಕ್ಕದ್ದು. "ಪರದೆ ನನ್ನನ್ನ ಕಂಡ್ರೆ ಮಾತೇ ಆಡಲ್ಲ, ನಾನೇನು ಮಾಡಿದ್ದೆ ಅದಕ್ಕೆ" ಎಂದು ಸಲಹಾ ಪುಸ್ತಕದಲ್ಲಿ ಬರೆದ ದರ್ಜಿಗಳಿಗೆ ಈ ಮೂಲಕ ಸಮಾಧಾನ ಹೇಳಲಾಗಿದೆ.

3. ಕ್ಷೌರದಂಗಡಿಯವರು ಗಿರಾಕಿಗಳಿಗೆ "ಪರದೆ ಮುಟ್ಟಿ ಬನ್ನಿ, ಇಲ್ಲಾಂದ್ರೆ ಮುಂದಿನ ಸಲ ಒಂದು ಕಡೆ ಮೀಸೆ ಅಷ್ಟೇ ಟ್ರಿಮ್ಮು" ಎಂದು ಬೆದರಿಸುವುದು ಸರಿಯಲ್ಲ. ಹೀಗೆ ಬಂದವರ ಸ್ಪರ್ಶ ಮಾನ್ಯ, ಬೆದರಿಕೆ ಅಮಾನ್ಯ.

4. ಬಸ್ ಕಂಡಕ್ಟರು ಗ್ರಂಥಾಲಯದ ಮುಂದೆ, ನಿಲ್ದಾಣವಿಲ್ಲದಿದ್ದರೂ ಬಸ್ಸು ನಿಲ್ಲಿಸಿ "ಮುಟ್ಟೋರು ಇಳೀರಿ! ಐದೇ ನಿಮಿಷ! ಮುಟ್ಟಿದೋರು ಹತ್ತಿ!" ಎಂದು ಕೂಗುತ್ತಿರುವುದು ಗಮನಕ್ಕೆ ಬಂದಿದೆ. ಇದು ಸಾರಿಗೆ ಇಲಾಖೆಗೆ ಸಂಬಂಧಿಸಿದ ವಿಷಯ. ಆದರೆ "ಮುಟ್ಟಿದೋರು ಹತ್ತಿ" ಎಂದ ಮೇಲೂ ಹತ್ತದೆ ಉಳಿದ ಒಂಬತ್ತು ಪ್ರಯಾಣಿಕರು ಸಂಜೆಯವರೆಗೆ ನಮ್ಮ ಕುರ್ಚಿಗಳಲ್ಲಿ ಕುಳಿತಿದ್ದು, ಇವರಲ್ಲಿ ಮೂವರು ಸದಸ್ಯತ್ವ ಪಡೆದಿರುವುದರಿಂದ ಆಕ್ಷೇಪಣೆ ಇಲ್ಲ.

5. ಮೌನದ ಬಗ್ಗೆ:
(ಅ) ಪತ್ರಿಕಾ ವಿಭಾಗದಲ್ಲಿ ಬಾಗಿಲು ತೆರೆಯುವ ಮೊದಲೇ ಬಂದು ಕಾಯುವ, ಎಲ್ಲರಿಂದ "ಪೇಪರ್ ಮಾವ" ಎನಿಸಿಕೊಂಡಿರುವ ಹಿರಿಯರು ದೂರು ನೀಡಿರುತ್ತಾರೆ: "ಮೂವತ್ತು ವರ್ಷದಿಂದ ಕೆಮ್ಮು ಬಂದ್ರೂ ಹೊರಗೆ ಹೋಗಿ ಕೆಮ್ಮಿ ಬರ್ತೀನಿ. ಈಗ ಗೋಡೆಗೇ ಬಾಯಿ ಬಂದಿದೆ. ನಾನು ಇನ್ನು ಯಾರಿಗೆ ಶ್ ಅನ್ಲಿ?"
(ಆ) ದೂರನ್ನು ಪುರಸ್ಕರಿಸಿ, ಎಲ್ಲ ನೂರ ಹನ್ನೆರಡು ದನಿಗಳನ್ನೂ ಪಿಸುಮಾತಿನಲ್ಲಿ ಮತ್ತೆ ಧ್ವನಿಮುದ್ರಿಸಲು ಗೋಂದಕ್ಕನವರಿಗೆ ಆದೇಶಿಸಲಾಯಿತು. ಅವರು ಧ್ವನಿಮುದ್ರಿಸಿದರು.
(ಇ) ಪಿಸುಮಾತು ಕೇಳಿಸದ ಕಾರಣ ಸಾರ್ವಜನಿಕರು ಪರದೆಗೆ ಕಿವಿ ಹಚ್ಚತೊಡಗಿದರು. ಪರದೆಯು ಕಿವಿಯನ್ನೂ ಬೆರಳೆಂದೇ ಎಣಿಸುತ್ತದೆ.
(ಈ) ಕಿವಿಯ ಸ್ಪರ್ಶ ಮಾನ್ಯವೇ ಎಂಬ ಪ್ರಶ್ನೆಗೆ, ಕೇಳುವುದು ಕಿವಿಯ ಮೂಲ ಕರ್ತವ್ಯವಾಗಿದ್ದು ಬೆರಳಿನದಲ್ಲವಾದ್ದರಿಂದ, ಕಿವಿ ಬೆರಳಿಗಿಂತ ಹೆಚ್ಚು ಮಾನ್ಯ ಎಂದು ಸ್ಪಷ್ಟಪಡಿಸಲಾಗಿದೆ. ಓಲೆ, ಜುಮುಕಿ ಇತ್ಯಾದಿ ತಗುಲಿದ್ದು ಲೆಕ್ಕಕ್ಕಿಲ್ಲ.
(ಉ) ಸದ್ದು ನಿಜವಾಗಿಯೂ ನಿಂತಿದೆಯೇ ಎಂದು ಖಚಿತಪಡಿಸಿಕೊಳ್ಳಲು ಪೇಪರ್ ಮಾವನವರು ಇದುವರೆಗೆ ಇಪ್ಪತ್ತಾರು ಸಲ ಕಿವಿ ಹಚ್ಚಿದ್ದಾರೆ. ಇನ್ನೂ ಖಚಿತವಾಗಿಲ್ಲವೆಂದು ತಿಳಿಸಿದ್ದಾರೆ.

6. ಒರೆಸುವ ಬಗ್ಗೆ. ಬೆಳಗಿನ ಹೊತ್ತು ಪರದೆ ಒರೆಸುವ ಸ್ವಚ್ಛತಾ ಸಿಬ್ಬಂದಿಯವರಿಗೆ ಐದು ನಿಮಿಷ ನಿಗದಿಯಾಗಿದ್ದು, ಅವರು ಒಂದೂಕಾಲು ಗಂಟೆ ತೆಗೆದುಕೊಳ್ಳುತ್ತಿದ್ದಾರೆ. ಅವರ ಹೇಳಿಕೆ: "ಬಟ್ಟೆ ತಾಗಿದ ತಕ್ಷಣ ನಮ್ಮ ಗೋಂದಕ್ಕ ಮಾತಾಡೋಕೆ ಶುರು ಮಾಡ್ತಾಳೆ. ಅವಳು ಮಾತಾಡ್ತಿರುವಾಗ ನಾನು ಎದ್ದು ಹೋದ್ರೆ ಚೆನ್ನಾಗಿರುತ್ತಾ? ನಾಳೆ ಮುಖ ಹೇಗೆ ತೋರ್ಸಲಿ?" ಭಾವನೆಯನ್ನು ಗೌರವಿಸಲಾಗಿದೆ. ಆದರೂ ಒರೆಸುವುದು ಕರ್ತವ್ಯವೇ ಹೊರತು ಆಸಕ್ತಿಯಲ್ಲವಾದ್ದರಿಂದ ಅದನ್ನು ಎಣಿಕೆಯಿಂದ ಕಳೆಯತಕ್ಕದ್ದು.

7. ಚಿಟ್ಟೆಯ ಚಿತ್ರವನ್ನು (ಅರವತ್ತಮೂರನೆಯದು) ನಿಜವೆಂದು ನಂಬಿ ಪದೇ ಪದೇ ಮೇಲೆ ಬಿದ್ದ ಹಲ್ಲಿಯ ಸ್ಪರ್ಶಗಳು ಅಮಾನ್ಯ. ಹಲ್ಲಿಯು ದನಿ ಮುಗಿಯುವವರೆಗೆ ಕದಲದೆ ಇತ್ತು ಎಂಬ ವಾದವನ್ನು ಪರಿಶೀಲಿಸಲಾಯಿತು. ಹಲ್ಲಿಯು ಸದಸ್ಯತ್ವ ಹೊಂದಿಲ್ಲ.

8. "ಇದು ನನ್ನದು" ಗುಂಡಿಯ ಬಗ್ಗೆ. ಚಿತ್ರದಲ್ಲಿರುವ ವಸ್ತು ತಮ್ಮದೆಂದು ಕಂಡವರು ಈ ಗುಂಡಿ ಒತ್ತಿ ವಸ್ತುವನ್ನು ಹಿಂಪಡೆಯಬಹುದು. ಇಪ್ಪತ್ತೆಂಟನೇ ಚಿತ್ರ ಒಂದು ಸಾಮಾನಿನ ಚೀಟಿ. ಅದರಲ್ಲಿ ಬರೆದಿರುವುದು: "ಸೋಪು, ಸೂಜಿ, ಬಿಳಿ ದಾರ, ಅವಳಿಗೆ ಏನಾದರೂ." ಆ "ಅವಳು" ತಾವೇ ಎಂದು ಹದಿನಾಲ್ಕು ಮಹಿಳೆಯರು ಗುಂಡಿ ಒತ್ತಿದ್ದಾರೆ. ಒಬ್ಬರ ಹೇಳಿಕೆ: "ಕೈಬರಹ ನಮ್ಮೆಜಮಾನ್ರದ್ದೇ. ಸೋಪು ಬಂತು, ಸೂಜಿ ಬಂತು, ದಾರ ಬಂತು. ಆ 'ಏನಾದರೂ' ಮಾತ್ರ ಮೂವತ್ತು ವರ್ಷ ಆದ್ರೂ ಬಂದಿಲ್ಲ." ಇನ್ನೊಬ್ಬರು ಕೈಬರಹ ತಮ್ಮವರದಲ್ಲ, ಆದರೆ ಆ ಮರೆವು ಅವರದ್ದೇ ಎಂದು ವಾದಿಸಿದ್ದಾರೆ. ಹದಿನಾಲ್ವರನ್ನೂ ತಾತ್ಕಾಲಿಕವಾಗಿ "ಅವಳು" ಎಂದು ಮಾನ್ಯ ಮಾಡಲಾಗಿದ್ದು, ಸಂಬಂಧಪಟ್ಟ ಪತಿಯರು ಏಳು ದಿನಗಳೊಳಗೆ "ಏನಾದರೂ" ಎಂಬುದನ್ನು ಖುದ್ದಾಗಿ ಪೂರೈಸಿ ಅನುಸರಣಾ ವರದಿ ಸಲ್ಲಿಸತಕ್ಕದ್ದು. ಸೋಪನ್ನು ಮತ್ತೆ ತಂದು ಕೈತೊಳೆದುಕೊಳ್ಳುವಂತಿಲ್ಲ.

9. ಕೈಬಿಡಲಾಗಿದೆ. (ಒಂಬತ್ತನೇ ಕಂಡಿಕೆಯ ಕರಡು ಬರೆಯಬೇಕಿದ್ದ ಗುಮಾಸ್ತರು ಸ್ಥಳ ಪರಿಶೀಲನೆಗೆಂದು ಪರದೆಯ ಬಳಿ ಹೋದವರು ಇನ್ನೂ ಬಂದಿಲ್ಲ.)

10. ಗೋಂದಕ್ಕನವರು ಹಿತಾಸಕ್ತಿ ಹೊಂದಿದವರಾದ್ದರಿಂದ ಪರದೆಯಿಂದ ಮೂರು ಮಾರು ದೂರವಿರತಕ್ಕದ್ದು ಎಂದು ಆದೇಶಿಸಲಾಗಿತ್ತು. ದೂರವನ್ನು ಅವರೇ ತಮ್ಮ ಬೈಂಡಿಂಗ್ ದಾರದಿಂದ ಅಳೆದು, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಗೆರೆಯಾಚೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಕೂತಲ್ಲೇ ಬಂದವರ ಕೈಲಿದ್ದ ಪುಸ್ತಕ ಈಸಿಕೊಂಡು ಒಟ್ಟು ಮುನ್ನೂರ ಹದಿನೈದು ಪುಸ್ತಕಗಳ ಬೆನ್ನು ಸರಿಮಾಡಿಕೊಟ್ಟಿದ್ದಾರೆ. ಬೈಂಡಿಂಗ್ ವಿಭಾಗ ಮುಚ್ಚಿರುವಾಗ ಹೀಗೆ ಮಾಡುವಂತಿಲ್ಲ ಎಂದಾಗ, "ವಿಭಾಗ ಮುಚ್ಚಿದ್ರಿ ಸರಿ, ಪುಸ್ತಕ ಹರಿಯೋದನ್ನ ಮುಚ್ಚಿಲ್ವಲ್ಲ" ಎಂದಿದ್ದಾರೆ. ಈ ಉತ್ತರಕ್ಕೂ ಪ್ರತ್ಯುತ್ತರ ಸಿದ್ಧವಾಗುತ್ತಿದೆ.

ಸಮಿತಿಯ ವರದಿ

ಸ್ಪರ್ಶಗಳೆಲ್ಲ ಕೃತಕ, ಪರದೆ ತಮಗೇ ಬರತಕ್ಕದ್ದು ಎಂಬ ನೆರೆಯ ಗ್ರಂಥಪಾಲಕರ ದೂರಿನ ಮೇರೆಗೆ ಎಂಬತ್ತೆಂಟನೇ ದಿನ ಮೂವರ ಸಮಿತಿಯನ್ನು ಕಳುಹಿಸಲಾಯಿತು. ದೂರುದಾರರಿಗೆ ಅನ್ಯಾಯವಾಗಬಾರದೆಂದು ಅವರನ್ನೂ ಸದಸ್ಯರನ್ನಾಗಿ ಮಾಡಲಾಗಿತ್ತು. ಇಪ್ಪತ್ತು ನಿಮಿಷದ ಕೆಲಸ. ಸಮಿತಿಯು ಮೂರು ದಿನ ತೆಗೆದುಕೊಂಡಿತು.

ತೊಂಬತ್ತನೇ ದಿನ ಬಾಗಿಲು ಹಾಕುವ ಹೊತ್ತಿಗೆ ಸಾರ್ವಜನಿಕರ ಒಟ್ಟು ಸ್ಪರ್ಶ 7,306. ಇದರಲ್ಲಿ ಒರೆಸಿದ್ದು 1,684, ಮುಟ್ಟಿ ಓಡಿದ್ದು 901, ಮೊಣಕೈಯೂರಿ ಒರಗಿದ್ದು 212, ಹಲ್ಲಿಯದು 97. ಇವೆಲ್ಲ ಕಳೆದು ಮಾನ್ಯವಾದದ್ದು 4,412. ಕೊರತೆ 588.

ಈ ಸಂಖ್ಯೆಯನ್ನು ಸಮಿತಿಯ ಅಧ್ಯಕ್ಷರು ಓದಿ ಹೇಳಿದಾಗ ಗ್ರಂಥಾಲಯದಲ್ಲಿ ಹಿಂದೆಂದೂ ಇಲ್ಲದಷ್ಟು ಮೌನವಿತ್ತು ಎಂದು ಪೇಪರ್ ಮಾವನವರು ಲಿಖಿತವಾಗಿ ತಿಳಿಸಿದ್ದಾರೆ. ಈ ಮೌನ ತಮಗೆ ಇಷ್ಟವಾಗಲಿಲ್ಲವೆಂದೂ ಸೇರಿಸಿದ್ದಾರೆ. ಗೋಂದಕ್ಕನವರು ಗೆರೆಯಾಚೆಯ ಕುರ್ಚಿಯಿಂದ ಎದ್ದು, ಚಾಕು, ದಾರದುಂಡೆ, ಗೋಂದಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದರು. "ಹರಿದದ್ದು ಮಾತ್ರ ನನ್ನ ಹತ್ರ ಬರ್ತಿತ್ತು ಸಾರ್. ಈ ನಲವತ್ತೆರಡು ದಿನ ಎಲ್ಲಾ ಜನ ಬಂದ್ರು. ಸಾಕು ಬಿಡಿ" ಎಂದದ್ದನ್ನು ನಡವಳಿಯಲ್ಲಿ ದಾಖಲಿಸಿದೆ.

ಆಗ ನೆರೆಯ ಗ್ರಂಥಪಾಲಕರು, ಅಂದರೆ ದೂರುದಾರರು, ಎದ್ದುನಿಂತು ಕ್ರಮಲೋಪವೊಂದನ್ನು ಎತ್ತಿದರು. ಪರಿಶೀಲನೆಯ ನಿಮಿತ್ತ ಸಮಿತಿಯ ಮೂವರು ಮಾಡಿದ ಸ್ಪರ್ಶಗಳನ್ನು ಯಂತ್ರವು ಬೇರೆ ಕಾಲಮಿನಲ್ಲಿ ಬರೆದಿದೆ. ಸಮಿತಿಯ ಸದಸ್ಯರು ಸಾರ್ವಜನಿಕರಲ್ಲ ಎಂದು ಯಾವ ಆದೇಶದಲ್ಲಿದೆ, ತೋರಿಸಿ ಎಂದು ಅವರು ಕೇಳಿದರು. ಹುಡುಕಲಾಯಿತು. ಎಲ್ಲಿಯೂ ಇಲ್ಲ.

ಸದರಿ ಕಾಲಮಿನ ಮೊತ್ತ 731. ಎಲ್ಲವೂ ದನಿ ಮುಗಿಯುವವರೆಗೆ ಕೇಳಿದವು. ಈ ಪೈಕಿ 402 ದೂರುದಾರರವೇ ಆಗಿದ್ದು, ಆ 402ರಲ್ಲಿ 388 ಒಂದೇ ಚಿತ್ರದ ಮೇಲಿನವು. ವಿವರಣೆ ಕೇಳಲಾಗಿ ಅವರು ಕೊಟ್ಟದ್ದು ಇಷ್ಟೇ: ತಾವು ಓದುವ ಕಾಲದಲ್ಲಿ ಇದೇ ಗ್ರಂಥಾಲಯದ ಸದಸ್ಯರಾಗಿದ್ದು, ಈಗ ಬೇರೆ ಗ್ರಂಥಾಲಯದವರಾದ್ದರಿಂದ ಇದನ್ನು ಎಲ್ಲೂ ಹೇಳಿಕೊಂಡಿರಲಿಲ್ಲ. ಸದರಿ ಚಿತ್ರ ಎಂಬತ್ತೊಂದನೆಯದು. ಅಂಗೈಯಗಲದ ಚೀಟಿ. ಅದರಲ್ಲಿ ದುಂಡಕ್ಷರದಲ್ಲಿ ಬರೆದಿದೆ: "ಓದಿದ್ದು ಸಾಕು ಕಂದ, ದೀಪ ಆರಿಸಿ ಮಲಗು." ಅದನ್ನು ಮುಟ್ಟಿದರೆ ಗೋಂದಕ್ಕನವರ ಪಿಸುಮಾತು ಹೀಗಿದೆ: "ಯಾವ ತಾಯಿಯೋ, ಪುಸ್ತಕದೊಳಗೇ ಬರೆದಿಟ್ಟಿದ್ದಾಳೆ. ಚೀಟಿ ನಂಗೆ ಸಿಕ್ಕಿದ್ದು ಕೊನೇ ಪುಟದಲ್ಲಿ. ಮಲಗಿಲ್ಲ ಅಂತ ಕಾಣುತ್ತೆ."

ದೂರುದಾರರು "ಇದು ನನ್ನದು" ಗುಂಡಿ ಒತ್ತಿದ್ದು ಒಂದೇ ಸಲ. ಕೈಬರಹದ ಪುರಾವೆ ಕೇಳಲಿಲ್ಲ. ಕಣ್ಣಿಗೆ ಧೂಳು ಬಿದ್ದಿದೆ ಎಂದು ಅವರು ಹತ್ತು ನಿಮಿಷ ಹೊರಗೆ ನಿಂತಿದ್ದರು. ಡಿಜಿಟಲ್ ಪ್ರದರ್ಶಿಕೆಯಲ್ಲಿ ಧೂಳು ಇರುವುದಿಲ್ಲವೆಂದು ತರಬೇತಿಯಲ್ಲಿ ತಿಳಿಸಲಾಗಿತ್ತು. ಈ ಬಗ್ಗೆ ಸರಬರಾಜುದಾರರಿಂದ ಸ್ಪಷ್ಟೀಕರಣ ಕೋರಲಾಗಿದೆ.

ಆದೇಶ

4,412 ಮತ್ತು 731 ಸೇರಿ 5,143. ಷರತ್ತು ಪೂರೈಸಿದೆ. ಪರದೆಯನ್ನು ಇದ್ದಲ್ಲೇ ಉಳಿಸತಕ್ಕದ್ದು. ಗೋಂದಕ್ಕನವರ ಹುದ್ದೆಯನ್ನು ನಿವೃತ್ತಿಯವರೆಗೆ ಮುಂದುವರಿಸತಕ್ಕದ್ದು. ಬೈಂಡಿಂಗ್ ವಿಭಾಗವನ್ನು ತೆರೆಯಲು ಅವಕಾಶವಿಲ್ಲದಿರುವುದರಿಂದ, ಮುಚ್ಚಿದ ಬೈಂಡಿಂಗ್ ವಿಭಾಗದೊಳಗೆ ಅವರು ಎಂದಿನಂತೆ ಕೆಲಸ ಮಾಡತಕ್ಕದ್ದು. ಹೆಚ್ಚುವರಿಯಾಗಿ ಬಂದ 143 ಸ್ಪರ್ಶಗಳನ್ನು ಯಾರಿಗೂ ಹಿಂದಿರುಗಿಸಲಾಗುವುದಿಲ್ಲ.

(ಸಹಿ/- ಓದಲಾಗದು)
ಉಪನಿರ್ದೇಶಕರು (ಪ್ರಭಾರ)
ಗ್ರಂಥಾಲಯಗಳ ಇಲಾಖೆ

ಪ್ರತಿಗಳು:
1. ಗ್ರಂಥಪಾಲಕರಿಗೆ: ಸೂಚನಾ ಫಲಕದಲ್ಲಿ ಅಂಟಿಸಲು. ಈ ಸುತ್ತೋಲೆಗೂ ಹದಿನೇಳನೇ ಪುಟವಿಲ್ಲ, ದಯವಿಟ್ಟು ಪತ್ರ ಬರೆಯಬಾರದು.
2. ನೆರೆಯ ಗ್ರಂಥಪಾಲಕರಿಗೆ: ಎಂಬತ್ತೊಂದನೇ ಚೀಟಿಯ ಮೂಲಪ್ರತಿಯೊಂದಿಗೆ. ಮಡಿಸಬಾರದು.
3. ಕ್ಷೌರದಂಗಡಿಯವರಿಗೆ: ಇನ್ನು ಎರಡೂ ಕಡೆ ಮೀಸೆ ಟ್ರಿಮ್ ಮಾಡಲು.
4. ಸಾರಿಗೆ ಇಲಾಖೆಗೆ: ಗ್ರಂಥಾಲಯದ ಮುಂದೆ ಹೇಗೂ ನಿಲ್ಲುತ್ತಿರುವ ಬಸ್ಸಿಗೆ ಒಂದು ನಿಲ್ದಾಣ ಒದಗಿಸುವ ಬಗ್ಗೆ.
5. ಹದಿನಾಲ್ಕು ಪತಿಯರಿಗೆ: ಗಡುವು ನೆನಪಿಸಲು.
6. ಸ್ವಚ್ಛತಾ ಸಿಬ್ಬಂದಿಗೆ: ಓದಿ ಹೇಳತಕ್ಕದ್ದು, ಮಧ್ಯೆ ಎದ್ದು ಹೋಗುವುದಿಲ್ಲವೆಂಬ ಭರವಸೆ ಇದೆ.
7. ಗೋಂದಕ್ಕನವರಿಗೆ: ಮಾಹಿತಿಗಾಗಿ. ಈ ಆದೇಶ ಟೈಪಾಗುವ ಮುಂಚೆಯೇ ಕಚೇರಿಯ ಅಷ್ಟೂ ಸಿಬ್ಬಂದಿ ಓಡಿಬಂದು ವಿಷಯ ತಿಳಿಸಿರುವ ಸಾಧ್ಯತೆ ಇದೆ. ಆದರೂ ಪ್ರತಿ ಕೈಸೇರಿದ ಕೂಡಲೇ ಮೊದಲಿನಿಂದ ಓದಿ, ಹೊಸದಾಗಿ ಆಶ್ಚರ್ಯಪಟ್ಟು, ಪಟ್ಟಿರುವುದಾಗಿ ಸಹಿ ಮಾಡತಕ್ಕದ್ದು.